ಮರದ ತೊಗಟೆಯ ಕಲ್ಲುಹೂವು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ತೋಟದವರು, ಶಿಕ್ಷಕರು, ಅಡುಗೆಮನೆಯವರು ಕಲ್ಲುಹೂವಿನ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಮಾತು ಮುಖ್ಯವಾಗಿ ತೊಗಟೆಯ ಮೇಲೆ ಎಲೆಯಂತೆ ಹರಡುವ ಪಾರ್ಮೋಟ್ರೆಮಾ ಟಿಂಕ್ಟೋರಮ್ ಎಂಬ ಜಾತಿಯದ್ದು. ಅದರ ಜೊತೆ ಗೊಂದಲವಾಗುವ ಕೆಲವು ಜಾತಿಗಳೂ ನಡುವೆ ಬರುತ್ತವೆ.

ನಮ್ಮ ಮಾವಿನ ಮರದ ಕಾಂಡಕ್ಕೆ ಬೂದು ಬಣ್ಣದ ಎಲೆಯಂಥದ್ದು ಅಂಟಿಕೊಂಡಿದೆ. ಇದು ರೋಗವೇ?

ಅಲ್ಲ. ಕಲ್ಲುಹೂವು ಮರದಿಂದ ನೀರನ್ನಾಗಲಿ ಆಹಾರವನ್ನಾಗಲಿ ಹೀರುವುದಿಲ್ಲ. ಅದಕ್ಕೆ ಬೇರಿಲ್ಲ. ಅಡಿಯಲ್ಲಿರುವ ಕಪ್ಪು ಕೂದಲಿನಂಥ ಎಳೆಗಳು ತೊಗಟೆಯ ಸತ್ತ ಹೊರಪದರವನ್ನು ಹಿಡಿದುಕೊಳ್ಳಲು ಮಾತ್ರ. ಒಳಗಿನ ಜೀವಂತ ಪದರಕ್ಕೆ ಅವು ಇಳಿಯುವುದಿಲ್ಲ. ಮಳೆ, ಇಬ್ಬನಿ, ಗಾಳಿಯಲ್ಲಿ ತೇಲಿಬರುವ ಧೂಳು, ಬಿಸಿಲು, ಇಷ್ಟರಲ್ಲೇ ಅದರ ಬದುಕು ನಡೆಯುತ್ತದೆ.

ಹಾಗಾದರೆ ಅದು ಗಿಡವೇ, ಪಾಚಿಯೇ, ಅಣಬೆಯೇ?

ಒಂದು ಶಿಲೀಂಧ್ರ ಮತ್ತು ಒಂದು ಶೈವಲ ಕೂಡಿ ಬಾಳುವ ಜೀವಿ. ಆಕಾರ ಕೊಡುವುದು, ನೀರು ಹಿಡಿದಿಡುವುದು ಶಿಲೀಂಧ್ರದ ಕೆಲಸ. ಬಿಸಿಲಿನಲ್ಲಿ ಆಹಾರ ತಯಾರಿಸುವುದು ಮೇಲ್ಪದರದ ಕೆಳಗಿರುವ ಹಸಿರು ಶೈವಲ, ಪಾರ್ಮೋಟ್ರೆಮಾದಲ್ಲಿ ಟ್ರೆಬೌಕ್ಸಿಯಾ ಎಂಬ ಜಾತಿಗುಂಪಿನದು. ಇದು ಎರಡು ಜೀವಿಗಳ ಕೂಟ ಎಂದು ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ 1860ರ ದಶಕದ ಕೊನೆಯಲ್ಲಿ ಹೇಳಿದಾಗ ಆ ಕಾಲದ ಕಲ್ಲುಹೂವಿನ ತಜ್ಞರೇ ಬಹಳಷ್ಟು ಮಂದಿ ಒಪ್ಪಲಿಲ್ಲ. ಇಂದು ಅದರಲ್ಲಿ ಅನುಮಾನ ಉಳಿದಿಲ್ಲ. ಭಾರತದಲ್ಲಿ 2,700ಕ್ಕೂ ಹೆಚ್ಚು ಜಾತಿಯ ಕಲ್ಲುಹೂವುಗಳು ದಾಖಲಾಗಿವೆ.

ಬಂದಳಿಕೆಗೂ ಇದಕ್ಕೂ ಏನು ವ್ಯತ್ಯಾಸ?

ಬಹಳ. ಮಾವಿನಲ್ಲಿ ಕಾಣುವ ಬಂದಳಿಕೆ ನಿಜವಾದ ಹಸಿರೆಲೆ, ಹೂವು, ಹಣ್ಣು ಬಿಡುವ ಗಿಡ. ಅದು ಕೊಂಬೆಯೊಳಗೆ ಹೀರುಬೇರು ಇಳಿಸಿ ನೀರು, ಲವಣ ಕದಿಯುತ್ತದೆ. ಹಿಡಿದ ಜಾಗದಲ್ಲಿ ಕೊಂಬೆ ಗಂಟಾಗಿ ಉಬ್ಬುತ್ತದೆ, ಅಲ್ಲಿಂದ ಮುಂದಕ್ಕೆ ಸೊರಗುತ್ತದೆ. ಅದನ್ನು ಕೊಂಬೆಸಮೇತ ಕತ್ತರಿಸಲೇಬೇಕು. ಕಲ್ಲುಹೂವು ಕುಳಿತಿರುವ ಜಾಗದಲ್ಲಿ ಗಂಟೂ ಇರುವುದಿಲ್ಲ, ಅಂಟೂ ಸೋರುವುದಿಲ್ಲ. ಒಂದು ಚೂರನ್ನು ಉಗುರಿನಿಂದ ಎಬ್ಬಿಸಿ ನೋಡಿ. ಕೆಳಗೆ ತೊಗಟೆ ಗಟ್ಟಿಯಾಗಿ, ಗಾಯವಿಲ್ಲದೆ ಇದ್ದರೆ ಅದು ಕಲ್ಲುಹೂವೇ.

ಆದರೆ ಸೊರಗಿದ ಮರಗಳ ಮೇಲೇ ಹೆಚ್ಚು ಕಾಣುತ್ತದಲ್ಲ?

ಕಾಣುವುದು ನಿಜ, ಕಾರಣ ತಿರುಗುಮುರುಗು. ಮರ ಸೊರಗಿದಾಗ ಎಲೆ ಉದುರಿ ನೆತ್ತಿ ತೆಳುವಾಗುತ್ತದೆ, ಕಾಂಡಕ್ಕೆ ಬೆಳಕು ಬೀಳುತ್ತದೆ. ಕಾಂಡ ದಪ್ಪವಾಗುವ ವೇಗ ಇಳಿದು ತೊಗಟೆ ಬಿರಿಯುವುದೂ ಕಡಿಮೆಯಾಗುತ್ತದೆ. ಕಲ್ಲುಹೂವಿಗೆ ಬೇಕಿರುವುದು ಇವೆರಡೇ, ಬೆಳಕು ಮತ್ತು ಅಲುಗದ ನೆಲೆ. ಮರ ಯಾಕೆ ಸೊರಗಿತು ಎಂಬುದಕ್ಕೆ ಉತ್ತರ ಬೇರೆಲ್ಲೋ ಇರುತ್ತದೆ. ಅಡಿಕೆಯಲ್ಲಾದರೆ ಬೇರುಹುಳು, ನೀರು ಬಸಿಯದ ಮಣ್ಣು ಅಥವಾ ಬುಡ ಕೊಳೆಸುವ ಅಣಬೆ ರೋಗ. ಮಾವಿನಲ್ಲಾದರೆ ಕಾಂಡಕೊರಕ, ಬುಡದ ಗಾಯ, ಪೋಷಕಾಂಶದ ಕೊರತೆ. ಕಣ್ಣಿಗೆ ಬಿದ್ದ ಕಲ್ಲುಹೂವನ್ನು ಕೆರೆದು ಸಮಾಧಾನಪಟ್ಟರೆ ನಿಜವಾದ ರೋಗಕ್ಕೆ ಇನ್ನೊಂದು ವರ್ಷ ಬಿಟ್ಟುಕೊಟ್ಟಂತೆ. ಮೊದಲು ಬುಡದ ಮಣ್ಣು ಬಿಡಿಸಿ ಬೇರು ನೋಡಿ.

ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ಮರದ ಕಾಂಡದ ಮೇಲೆ ಬಿಳಿ ಪಟ್ಟೆಗಳಿರುತ್ತವೆ. ಅವೂ ಇದೇನಾ?

ಬಹುತೇಕ ಅವೂ ಕಲ್ಲುಹೂವುಗಳೇ, ಆದರೆ ಎಲೆಯಂಥವಲ್ಲ, ಹೊಪ್ಪಳೆಯಂಥವು. ತೊಗಟೆಗೆ ಬಣ್ಣ ಬಳಿದಂತೆ ಕೂತಿರುತ್ತವೆ, ಎಬ್ಬಿಸಲು ಬರುವುದಿಲ್ಲ. ಕೆಲವುದರ ಮೇಲೆ ಕಪ್ಪು ಗೀಟುಗಳು ಬರವಣಿಗೆಯ ಹಾಗೆ ಕಾಣುತ್ತವೆ. ಅವುಗಳಿಂದಲೂ ಇಳುವರಿಗೆ ತೊಂದರೆಯಿಲ್ಲ.

ತೆಗೆಯಲೇಬೇಕು ಅನ್ನಿಸಿದರೆ ಹೇಗೆ? ಔಷಧಿ ಹೊಡೆಯಬಹುದೇ?

ಬೇಡ ಎಂಬುದೇ ನಮ್ಮ ಸ್ಪಷ್ಟ ಸಲಹೆ. ಕುಡುಗೋಲು, ತಂತಿಬ್ರಷ್ ಹಿಡಿದು ಕೆರೆದರೆ ಜೀವಂತ ತೊಗಟೆಗೆ ಗಾಯವಾಗುತ್ತದೆ. ಆ ಗಾಯವೇ ಕೀಟ, ಕೊಳೆರೋಗಗಳಿಗೆ ಬಾಗಿಲು. ಇಲ್ಲದ ರೋಗಕ್ಕೆ ಮದ್ದು ಮಾಡಲು ಹೋಗಿ ಇರುವ ಮರಕ್ಕೆ ರೋಗ ತಂದುಕೊಳ್ಳುವ ಕೆಲಸ ಅದು.

ಶೇ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಅಡಿಕೆ ಗೊನೆಗೆ ಹೊಡೆದಾಗ ಕಾಂಡದ ಮೇಲೆ ಸುರಿದು ಅಲ್ಲಿನ ಕಲ್ಲುಹೂವು ಸಾಯುವುದುಂಟು. ತಾಮ್ರ ಅದಕ್ಕೆ ವಿಷ. ಹಾಗೆಂದು ಕಲ್ಲುಹೂವಿಗಾಗಿಯೇ ಬೋರ್ಡೋ ಹೊಡೆಯುವುದು ದುಡ್ಡು ದಂಡ, ಮಣ್ಣಿಗೆ ತಾಮ್ರ ಸೇರುವುದು ಬೇರೆ. ನರ್ಸರಿಯ ಎಳೆಯ ಸಸಿಯಲ್ಲಿ ಮೊಗ್ಗುಗಳ ಮೇಲೇ ಹಬ್ಬಿದ್ದರೆ ಮಾತ್ರ, ಮಳೆ ನಿಂತ ಮೇಲೆ ನೆನೆದು ಮೆತ್ತಗಾಗಿರುವಾಗ ಬಟ್ಟೆಯಿಂದ ಒರೆಸಿ. ಒಣಗಿದ್ದಾಗ ಉಜ್ಜಿದರೆ ಪುಡಿಯಾಗಿ, ಆ ಪುಡಿಯ ಒಂದೊಂದು ಕಣವೂ ಹೊಸದಾಗಿ ಬೆಳೆಯಬಲ್ಲದು.

ನಮ್ಮ ಮರದ ಮೇಲಿರುವುದು ಪಾರ್ಮೋಟ್ರೆಮಾವೇ ಎಂದು ಗುರುತಿಸುವುದು ಹೇಗೆ?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಸಾಕು. ಕಣ್ಣಿಗೆ ಒತ್ತಿ ಹಿಡಿದು, ಕಲ್ಲುಹೂವಿನ ಹತ್ತಿರಕ್ಕೆ ಮುಖವನ್ನೇ ಒಯ್ಯಬೇಕು. ಮಸೂರವನ್ನು ದೂರ ಹಿಡಿದರೆ ಏನೂ ಕಾಣದು. ನೋಡಬೇಕಾದ್ದು ನಾಲ್ಕು ಜಾಗ.

ಮೊದಲು ಎಸಳಿನ ಅಗಲ. ಪಾರ್ಮೋಟ್ರೆಮಾದ ಎಸಳು ದುಂಡಗೆ, ಅಗಲವಾಗಿ, ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ಆಸುಪಾಸು ಇದ್ದು, ಅಂಚು ತೊಗಟೆಯಿಂದ ಮೇಲೆದ್ದಿರುತ್ತದೆ. ಎರಡನೆಯದು ತಳಭಾಗ. ನಡುವೆ ಕಪ್ಪು, ಹಿಡಿಎಳೆಗಳು. ಅಂಚಿನ ಕಡೆ ಎಳೆಗಳೇ ಇಲ್ಲದ ಕಂದು ಪಟ್ಟಿ. ಈ ಬೋಳು ಕಂದು ಅಂಚು ಪಾರ್ಮೋಟ್ರೆಮಾದ ಒಳ್ಳೆಯ ಗುರುತು. ಮೂರನೆಯದು ಮೇಲ್ಮೈ. ಟಿಂಕ್ಟೋರಮ್‌ನಲ್ಲಿ ಹಳೆಯ ಭಾಗದ ಮೇಲೆ ಸಣ್ಣ ಬೆರಳಿನಂಥ ಮೊಳಕೆಗಳು ಒತ್ತಾಗಿ ಎದ್ದಿರುತ್ತವೆ, ಮುಟ್ಟಿದರೆ ಮರಳು ಕಾಗದದಂತೆ ತರಿತರಿ. ಅವು ಮುರಿದು ಬಿದ್ದಲ್ಲಿ ಹೊಸ ಕಲ್ಲುಹೂವು ಹುಟ್ಟುತ್ತದೆ. ಕೊನೆಯದು ಅಂಚಿನ ರೋಮ. ಟಿಂಕ್ಟೋರಮ್‌ನ ಅಂಚಿನಲ್ಲಿ ಕಪ್ಪು ರೋಮ ಇರುವುದಿಲ್ಲ. ರೋಮವಿದ್ದು, ಅಂಚಿನಲ್ಲಿ ಹಿಟ್ಟು ಉದುರಿಸಿದಂಥ ಪುಡಿಯಿದ್ದರೆ ಪಾರ್ಮೋಟ್ರೆಮಾ ಪರ್ಲಾಟಮ್ ಅಥವಾ ರೆಟಿಕ್ಯುಲೇಟಮ್ ಇರಬಹುದು. ರೆಟಿಕ್ಯುಲೇಟಮ್‌ನ ಮೇಲ್ಮೈ ಸಣ್ಣ ಬಲೆಯಂತೆ ಬಿಳಿ ಬಿರುಕುಗಳಿಂದ ತುಂಬಿರುತ್ತದೆ.

ಬಯಲಿನ ಊರುಗಳಲ್ಲಿ ಜನ ಫೋಟೋ ಕಳಿಸಿ ಕೇಳುವುದು ಬಹಳ ಸಲ ಪಾರ್ಮೋಟ್ರೆಮಾ ಆಗಿರುವುದಿಲ್ಲ. ಎಸಳು ಒಂದೇ ಮಿಲಿಮೀಟರ್ ಅಗಲವಿದ್ದು, ದುಂಡಗೆ ನಾಣ್ಯದಷ್ಟೋ ಅಂಗೈಯಷ್ಟೋ ಹರಡಿ, ತೊಗಟೆಗೆ ಒತ್ತಿಕೊಂಡಿದ್ದರೆ ಪಿಕ್ಸಿನ್ ಕೊಕೋಸ್ ಅಥವಾ ಡೈರಿನೇರಿಯಾ ಇರಬಹುದು. ಇವೆರಡನ್ನೂ ಬೇರ್ಪಡಿಸಲು 365 ನ್ಯಾನೋಮೀಟರ್‌ನ ನೇರಳಾತೀತ ಟಾರ್ಚ್ ಹಿಡಿದು ಕತ್ತಲಲ್ಲಿ ನೋಡಿ. ಪಿಕ್ಸಿನ್ ಕೊಕೋಸ್ ಮೇಲ್ಮೈ ಹಳದಿಯಾಗಿ ಹೊಳೆಯುತ್ತದೆ. ಲೈಕೆಕ್ಸಾಂಥೋನ್ ಎಂಬ ರಾಸಾಯನಿಕ ಅದಕ್ಕೆ ಕಾರಣ. ಆ ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ.

ಬ್ಲೀಚ್ ಹನಿಸಿ ಪರೀಕ್ಷೆ ಮಾಡುತ್ತಾರಂತೆ, ಹೇಗೆ?

ಇದು 1866ರಿಂದ ಬಳಕೆಯಲ್ಲಿರುವ ವಿಧಾನ. ಫಿನ್ಲೆಂಡ್ ಮೂಲದ ವಿಲಿಯಂ ನೈಲಾಂಡರ್ ರೂಢಿಗೆ ತಂದದ್ದು. ಟಿಂಕ್ಟೋರಮ್ ಗುರುತಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಉಗುರಿನಷ್ಟು ಚೂರು ಸಾಕು. ಬ್ಲೇಡಿನ ತುದಿಯಿಂದ ಮೇಲಿನ ಬೂದು ಪದರವನ್ನು ಮೆಲ್ಲಗೆ ಕೆರೆದು, ಒಳಗಿನ ಬಿಳಿ ಹತ್ತಿಯಂಥ ಪದರ ಕಾಣುವಂತೆ ಮಾಡಿ. ಬಟ್ಟೆಗೆ ಬಳಸುವ ದ್ರವ ಬ್ಲೀಚ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್, ಬೆಂಕಿಕಡ್ಡಿ ತುದಿಯಲ್ಲಿ ಒಂದೇ ಹನಿ ಇಡಿ. ಬಿಳಿ ಪದರ ತಕ್ಷಣ ಕೆಂಪಾದರೆ ಒಳಗೆ ಲೆಕನೋರಿಕ್ ಆಮ್ಲವಿದೆ, ಅದು ಟಿಂಕ್ಟೋರಮ್‌ನ ಗುರುತು. ಬಣ್ಣ ಕೆಲವೇ ಸೆಕೆಂಡಿನಲ್ಲಿ ಮಾಸುತ್ತದೆ, ಹನಿ ಇಡುವಾಗಲೇ ಮಸೂರದಲ್ಲಿ ಕಣ್ಣಿಟ್ಟಿರಬೇಕು.

ಎರಡನೆಯದು ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ. ಮೇಲ್ಪದರ ಹಳದಿಯಾದರೆ ಅಟ್ರನೋರಿನ್ ಇದೆ, ಇದು ಹಲವು ಜಾತಿಗಳಲ್ಲಿ ಸಾಮಾನ್ಯ. ಒಳಪದರ ಮೊದಲು ಹಳದಿಯಾಗಿ ಆಮೇಲೆ ರಕ್ತದ ಕೆಂಪಿಗೆ ತಿರುಗಿದರೆ ಸಲಾಜಿನಿಕ್ ಆಮ್ಲ, ರೆಟಿಕ್ಯುಲೇಟಮ್ ಇರಬಹುದು. ಹಳದಿಯಿಂದ ಕಿತ್ತಳೆಗೆ ನಿಂತರೆ ಪರ್ಲಾಟಮ್ ಕಡೆಗೆ ಬೊಟ್ಟು.

ಎಲ್ಲಿ ತಪ್ಪುತ್ತದೆ ಅಂದರೆ, ಮುಖ್ಯವಾಗಿ ಹಳೆಯ ಬ್ಲೀಚ್‌ನಲ್ಲಿ. ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟ ಬಾಟಲಿ ಶಕ್ತಿ ಕಳೆದುಕೊಂಡಿರುತ್ತದೆ, ಕೆಂಪು ಬಾರದೆ ಬೇರೆ ಜಾತಿ ಅಂದುಕೊಳ್ಳುತ್ತೀರಿ. ಗೊತ್ತಿರುವ ಟಿಂಕ್ಟೋರಮ್ ಚೂರೊಂದನ್ನು ಜೊತೆಗಿಟ್ಟುಕೊಂಡು ಮೊದಲು ಅದರ ಮೇಲೆ ನೋಡಿ. ಮೇಲ್ಪದರ ಕೆರೆಯದೆ ಹನಿ ಇಡುವುದು ಇನ್ನೊಂದು ತಪ್ಪು. ಒದ್ದೆ ಚೂರಿನ ಮೇಲೆ ಮಾಡಿದರೆ ದ್ರಾವಣ ತೆಳುವಾಗಿ ಬಣ್ಣ ಹರಡಿಹೋಗುತ್ತದೆ.

ಬ್ಲೀಚನ್ನು ಶೌಚಾಲಯ ತೊಳೆಯುವ ಆಮ್ಲದ ಜೊತೆ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ಹೈಡ್ರಾಕ್ಸೈಡ್ ಚರ್ಮ, ಕಣ್ಣು ಸುಡುತ್ತದೆ. ಮಕ್ಕಳ ಕೈಗೆ ಇವೆರಡನ್ನೂ ಕೊಡದೆ ಶಿಕ್ಷಕರೇ ಮಾಡಿ ತೋರಿಸಲಿ. ಪರೀಕ್ಷೆಗೆ ಬಳಸಿದ ಚೂರು ಅಡುಗೆಗೆ ಬಾರದು.

ನಮ್ಮ ಜಿಲ್ಲೆಗಳಲ್ಲಿ ಎಲ್ಲಿ, ಯಾವಾಗ ಹುಡುಕಬೇಕು?

ಚಳ್ಳಕೆರೆ, ಹಿರಿಯೂರು, ಜಗಳೂರಿನ ಒಣ ಬಯಲಿನಲ್ಲಿ ಅಗಲ ಎಸಳಿನ ಪಾರ್ಮೋಟ್ರೆಮಾ ಸಿಗುವ ಸಾಧ್ಯತೆ ಕಡಿಮೆ. ಅದಕ್ಕೆ ಬೆಳಗಿನ ತೇವ ಬೇಕು. ಜೋಗಿಮಟ್ಟಿಯಂಥ ಮಂಜು ತಂಗುವ ಎತ್ತರದ ಜಾಗ, ಚನ್ನಗಿರಿಯ ಪಶ್ಚಿಮದ ಕಡೆಯ ತೇವದ ತೋಟಗಳು, ಕೆರೆ ಏರಿಯ ಹಳೆಯ ಮರಗಳು ಹುಡುಕಲು ಯೋಗ್ಯ. ಬಯಲಿನಲ್ಲಾದರೆ ಊರ ಹೊರಗಿನ ಹಳೆಯ ಹುಣಸೆ, ಮಾವಿನ ತೋಪುಗಳಿಂದ ಆರಂಭಿಸಿ.

ಜುಲೈನಿಂದ ಜನವರಿಯವರೆಗೆ ಬೆಳಿಗ್ಗೆ ಹೊತ್ತು ಒಳ್ಳೆಯದು. ನೆನೆದಾಗ ಮೇಲ್ಪದರ ಪಾರದರ್ಶಕವಾಗಿ ಒಳಗಿನ ಶೈವಲದ ಹಸಿರು ಕಾಣುತ್ತದೆ, ಒಣಗಿದಾಗ ಮತ್ತೆ ಬೂದು. ಬೇಸಿಗೆಯಲ್ಲಿ ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ್ದರೂ ಅದು ಸತ್ತಿಲ್ಲ. ಉಸಿರಾಟವನ್ನೂ ಆಹಾರ ತಯಾರಿಕೆಯನ್ನೂ ನಿಲ್ಲಿಸಿ ಕಾದಿರುತ್ತದೆ, ನೀರು ಸಿಕ್ಕ ನಿಮಿಷಗಳಲ್ಲೇ ಮತ್ತೆ ಕೆಲಸ ಶುರು.

ಮರದ ಉತ್ತರ ಭಾಗದಲ್ಲೇ ಹುಡುಕಿ ಎಂಬ ಮಾತು ಯುರೋಪಿನದು, ನಮಗೆ ಹೊಂದದು. ದಾವಣಗೆರೆ, ಚಿತ್ರದುರ್ಗ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವಿಗೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಆ ನಡುವೆ ಉತ್ತರಕ್ಕೆ ವಾಲಿರುತ್ತಾನೆ. ಇಲ್ಲಿ ದಿಕ್ಕಿಗಿಂತ ಕಾಂಡದ ವಾಲು ಮುಖ್ಯ. ಮಳೆನೀರು ಇಳಿದು ಹೋಗುವ ಬದಿಯಲ್ಲಿ ನೋಡಿ.

ನೀಲಗಿರಿ, ಪೇರಲ ಮರಗಳ ಮೇಲೆ ಯಾಕಿಲ್ಲ?

ಅವು ತೊಗಟೆ ಕಳಚುತ್ತವೆ. ನಿಧಾನವಾಗಿ ಬೆಳೆಯುವ ಜೀವಿ ಕೂರುವಷ್ಟರಲ್ಲಿ ನೆಲೆಯೇ ಉದುರಿಹೋಗುತ್ತದೆ.

ಎಷ್ಟು ನಿಧಾನ?

ಎಲೆಯಂಥ ಕಲ್ಲುಹೂವುಗಳು ಸಾಮಾನ್ಯವಾಗಿ ಅಂಚಿನಲ್ಲಿ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ವರ್ಷಕ್ಕೆ 2 ಮಿ.ಮೀ. ಎಂದಿಟ್ಟುಕೊಂಡರೆ ನಡುವಿನಿಂದ ಅಂಚಿಗೆ 5 ಸೆಂ.ಮೀ. ಇರುವ ಅಂಗೈಯಗಲದ ಒಂದು ಕಲ್ಲುಹೂವಿಗೆ 25 ವರ್ಷ. 5 ಮಿ.ಮೀ. ಎಂದರೂ 10 ವರ್ಷ. ಒಂದು ಚೀಲ ತುಂಬಲು ಅರ್ಧ ಗಂಟೆ ಸಾಕು. ಈ ಲೆಕ್ಕ ತಿಳಿದವರು ಕೆರೆಯಲು ಕೈ ಹಾಕುವ ಮುನ್ನ ಯೋಚಿಸುತ್ತಾರೆ ಎಂಬ ನಂಬಿಕೆ ನಮ್ಮದು.

ಕಲ್ಲುಹೂವು ಇದ್ದರೆ ಗಾಳಿ ಶುದ್ಧ ಎಂದು ಹೇಳಬಹುದೇ?

ಅಷ್ಟು ಸರಳವಲ್ಲ, ಆದರೆ ಮಾತಿನಲ್ಲಿ ಹುರುಳಿದೆ. ಎಲೆಗಳಿಗಿರುವ ಮೇಣದ ಹೊದಿಕೆ ಕಲ್ಲುಹೂವಿಗಿಲ್ಲ. ಗಾಳಿಯಲ್ಲಿರುವ ಗಂಧಕದ ಡೈಆಕ್ಸೈಡ್, ಸೀಸ, ಧೂಳು ಎಲ್ಲವೂ ನೇರ ಒಳಗಿಳಿಯುತ್ತವೆ, ಹೊರಹಾಕುವ ದಾರಿಯೂ ಇಲ್ಲ. ಪ್ಯಾರಿಸ್‌ನ ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂವುಗಳನ್ನು ನೋಡಿ ಅವು ಗಾಳಿಯ ಗುಣ ತೋರಿಸುತ್ತವೆ ಎಂದು ನೈಲಾಂಡರ್ 1866ರಲ್ಲೇ ಬರೆದಿದ್ದರು.

ಆದರೆ ಜಾತಿ ನೋಡಬೇಕು. ಪಿಕ್ಸಿನ್ ಕೊಕೋಸ್ ಹೊಗೆ, ಧೂಳು ತಡೆದುಕೊಳ್ಳುವ ಜಾತಿ, ನಗರದ ನಡುವೆಯೂ ಬದುಕುತ್ತದೆ. ದಾವಣಗೆರೆಯ ಬೀದಿಮರದಲ್ಲಿ ಅದೊಂದೇ ಕಂಡು ಗಾಳಿ ಚೆನ್ನಾಗಿದೆ ಅನ್ನಬಾರದು. ಕಲ್ಲುಹೂವು ಇಲ್ಲ ಎಂದ ಮಾತ್ರಕ್ಕೆ ಗಾಳಿ ಕೆಟ್ಟಿದೆ ಎಂದೂ ಅಲ್ಲ. ನಮ್ಮ ಬಯಲಿನಲ್ಲಿ ಒಣಹವೆಯೇ ಕಾರಣವಿರಬಹುದು. ಹಾಗಾಗಿ ಹೋಲಿಕೆ ಒಂದೇ ಮಳೆಯ, ಒಂದೇ ಜಾತಿಯ ಮರಗಳ ನಡುವೆ ಇರಲಿ.

ಯುರೋಪಿನಲ್ಲಿ 2014ರಿಂದ ಮಾನಕವಾಗಿರುವ ವಿಧಾನವನ್ನು ಶಾಲಾಕಾಲೇಜಿನವರು ಇಲ್ಲಿಯೂ ಬಳಸಬಹುದು. 10 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದದ ಚೌಕಟ್ಟು ಮಾಡಿ, ದಾರ ಕಟ್ಟಿ ಐದು ಚೌಕಗಳಾಗಿ ಭಾಗಿಸಿ. ನೆಲದಿಂದ 1 ಮೀಟರ್ ಎತ್ತರಕ್ಕೆ ಅದರ ಕೆಳಅಂಚು ಬರುವಂತೆ ಕಾಂಡದ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ನಾಲ್ಕೂ ಬದಿಗೆ ಹಿಡಿಯಿರಿ. ಪ್ರತಿ ಜಾತಿ ಎಷ್ಟು ಚೌಕಗಳಲ್ಲಿದೆ ಎಂದು ಎಣಿಸಿ ಬರೆಯಿರಿ. ಒಂದು ಬದಿಗೆ ಒಂದು ಜಾತಿಗೆ ಹೆಚ್ಚೆಂದರೆ 5. ಜಾತಿಗಳೆಲ್ಲದರ ಮೊತ್ತ ಆ ಬದಿಯ ಅಂಕ, ನಾಲ್ಕು ಬದಿ ಕೂಡಿದರೆ ಮರದ ಅಂಕ. ವೈಜ್ಞಾನಿಕ ಹೆಸರು ತಿಳಿಯದಿದ್ದರೆ ‘ಅಗಲ ಎಸಳಿನದು’, ‘ಸಣ್ಣ ಎಸಳಿನದು’, ‘ಹೊಪ್ಪಳೆ’ ಎಂದು ಗುಂಪು ಮಾಡಿಕೊಂಡರೂ ನಡೆದೀತು, ಎಲ್ಲರೂ ಒಂದೇ ಗುಂಪುಗಳನ್ನು ಬಳಸಿದರಾಯಿತು.

ನೇರ ನಿಂತ, ಸುಣ್ಣ ಬಳಿಯದ, ಗಾಯವಿಲ್ಲದ ಮರ ಆರಿಸಿ. ರಾಷ್ಟ್ರೀಯ ಹೆದ್ದಾರಿ 48ರ ಬದಿಯ ಹತ್ತು ಮರ, ಅಲ್ಲಿಂದ ಎರಡು ಮೂರು ಕಿಲೋಮೀಟರ್ ಒಳಗಿನ ಹತ್ತು ಮರ ಹೋಲಿಸುವುದು ಒಳ್ಳೆಯ ಪಾಠ. ಹೆದ್ದಾರಿ ಮರಗಳಿಗೆ ಬಿಳಿ ಪಟ್ಟಿ ಬಳಿದಿರುವುದರಿಂದ ಅದರ ಮೇಲಿನ ಭಾಗದಲ್ಲಿ ಎಣಿಸಬೇಕಾಗುತ್ತದೆ. ಹಾಗಾದರೆ ಒಳಗಿನ ಮರಗಳಲ್ಲೂ ಅದೇ ಎತ್ತರಕ್ಕೆ ಹಿಡಿಯಿರಿ.

ಅಂಗಡಿಯಲ್ಲಿ ಸಿಗುವ ಕಲ್ಲುಹೂವು ಇದೇನಾ?

ಹೌದು, ಇದೇ ಬಳಗದ್ದು. ಗ್ರಂಥಿಗೆ ಅಂಗಡಿಯಲ್ಲಿ ಮರಾಠಿ ಮೊಗ್ಗು, ಜಾಪತ್ರೆ ಪಕ್ಕದಲ್ಲಿ ಸಿಗುವುದು ಸಾಮಾನ್ಯವಾಗಿ ಹಲವು ಜಾತಿಗಳ ಬೆರಕೆ, ಹೆಚ್ಚಿನಂಶ ಪಾರ್ಮೋಟ್ರೆಮಾ ಮತ್ತು ಅದರ ಹತ್ತಿರದವು. ಒಂದು ಬದಿ ಬೂದು, ಇನ್ನೊಂದು ಬದಿ ಕಪ್ಪು ಇರುವುದು ಸಹಜ, ಕಪ್ಪು ಕಂಡು ಕೆಟ್ಟಿದೆ ಅನ್ನಬೇಡಿ. ಕೊಳ್ಳುವಾಗ ಮೂಸಿ ನೋಡಿ. ಮುಗ್ಗಲು ವಾಸನೆ ಇದ್ದರೆ, ಹಿಚುಕಿದಾಗ ಗರಿಗರಿ ಅನ್ನದೆ ಮೆತ್ತಗಿದ್ದರೆ ತೇವ ತಗುಲಿದೆ, ಬೇಡ.

ಮನೆಗೆ ತಂದ ಮೇಲೆ ಮೊರದಲ್ಲಿ ಹರವಿ ತೊಗಟೆ ಚೂರು, ಕಡ್ಡಿ, ಹುಲ್ಲು ಆರಿಸಿ. ಮರಳು ಇದ್ದೇ ಇರುತ್ತದೆ. ಜರಡಿಯಲ್ಲಿಟ್ಟು ನೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ನೆರಳಲ್ಲಿ ಬಟ್ಟೆಯ ಮೇಲೆ ಗರಿಗರಿಯಾಗುವವರೆಗೆ ಒಣಗಿಸಿ. ನೆನೆಹಾಕಬೇಡಿ.

ಹಸಿಯಾಗಿ ಮೂಸಿದರೆ ಅದಕ್ಕೆ ಅಂಥ ಪರಿಮಳವಿಲ್ಲ. ಬಿಸಿ ಎಣ್ಣೆ, ತುಪ್ಪಕ್ಕೆ ಬಿದ್ದಾಗ ಮಾತ್ರ ಬಿಡುತ್ತದೆ. ಕಾಲು ಕಿಲೋ ಹವೀಜದ ಮಸಾಲೆ ಪುಡಿಗೆ 5 ಗ್ರಾಂ ಸಾಕು; ಹಗುರವಾದ್ದರಿಂದ ಅದು ಒಂದು ಸಡಿಲ ಹಿಡಿಯಷ್ಟು ಕಾಣುತ್ತದೆ. ಉಳಿದೆಲ್ಲ ಹುರಿದಾದ ಮೇಲೆ ಕೊನೆಗೆ, ಅರ್ಧ ಚಮಚ ಎಣ್ಣೆಯಲ್ಲಿ, ಸಣ್ಣ ಉರಿಯಲ್ಲಿ ಅರ್ಧ ನಿಮಿಷ ಹುರಿಯಿರಿ. ತೆಳ್ಳಗಿರುವುದರಿಂದ ಬೇಗ ಸೀಯುತ್ತದೆ, ಸೀದರೆ ಇಡೀ ಪುಡಿ ಕಹಿ. ಅರ್ಧ ಕಿಲೋ ಅಕ್ಕಿಯ ಪಲಾವಿಗೆ ನಾಣ್ಯದಗಲದ ಎರಡು ಚೂರು ಒಗ್ಗರಣೆಗೆ ಹಾಕಿದರೆ ಸಾಕು. ಹೆಚ್ಚು ಹಾಕಿದರೆ ಮಣ್ಣಿನ ವಾಸನೆ ಮುಂದೆ ಬಂದು ಬೇರೆ ಮಸಾಲೆಯನ್ನು ಮುಚ್ಚುತ್ತದೆ.

ನಮ್ಮ ಮರದ್ದನ್ನೇ ಕಿತ್ತು ಅಡುಗೆಗೆ ಹಾಕಬಹುದೇ?

ಬೇಡ. ರಸ್ತೆ, ಭಟ್ಟಿ, ಕಾರ್ಖಾನೆ, ಗಣಿ ಧೂಳಿನ ಹತ್ತಿರದ್ದಾದರೆ ಖಂಡಿತ ಬೇಡ. ವರ್ಷಗಟ್ಟಲೆ ಹೀರಿಟ್ಟ ಸೀಸದಂಥ ಲೋಹಗಳು ತೊಳೆದರೆ ಹೋಗುವುದಿಲ್ಲ. ತೋಟದ್ದಾದರೆ ಹೊಡೆದ ಔಷಧಿಯ ಅಂಶ ಅದರಲ್ಲಿರುತ್ತದೆ. ಎಲ್ಲ ಕಲ್ಲುಹೂವೂ ತಿನ್ನಲು ತಕ್ಕದ್ದಲ್ಲ ಎಂಬುದೂ ನೆನಪಿರಲಿ. ವಲ್ಪಿನಿಕ್ ಆಮ್ಲವಿರುವ ಹಳದಿ ಜಾತಿಯೊಂದನ್ನು ಯುರೋಪಿನಲ್ಲಿ ತೋಳಗಳಿಗೆ ವಿಷವಿಡಲು ಬಳಸುತ್ತಿದ್ದರು.

ಕಾಡಿನಿಂದ ಸಂಗ್ರಹಿಸಬಹುದೇ?

ಜೋಗಿಮಟ್ಟಿ, ಜಗಳೂರಿನ ರಂಗಯ್ಯನದುರ್ಗ ಎರಡೂ ವನ್ಯಜೀವಿ ಧಾಮಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಅಲ್ಲಿಂದ ಒಂದು ಚೂರನ್ನೂ ತರುವಂತಿಲ್ಲ. ಫೋಟೋ ತೆಗೆಯಿರಿ. ಗಾಳಿಗೆ ಮುರಿದುಬಿದ್ದ ಕೊಂಬೆಯನ್ನು ಅಲ್ಲೇ ತಿರುಗಿಸಿ ನೋಡಿದರೆ ಮರದ ನೆತ್ತಿಯ ಕಲ್ಲುಹೂವುಗಳೂ ಕಾಣಸಿಗುತ್ತವೆ.

ಗುರುತಿಸಲು ಕಳಿಸುವ ಫೋಟೋ, ಮಾದರಿ ಹೇಗಿರಬೇಕು?

ಇಡೀ ಕಲ್ಲುಹೂವಿನ ಒಂದು, ಅಂಚಿನ ಒಂದು, ನಡುಭಾಗದ ಒಂದು, ಮೆಲ್ಲಗೆ ಎತ್ತಿ ತಳದ ಒಂದು, ಹೀಗೆ ನಾಲ್ಕು ಫೋಟೋ. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಮೇಲಿನಿಂದ ತೆಗೆದ ಒಂದೇ ಫೋಟೋದಿಂದ ಜಾತಿ ಹೇಳುವುದು ಬಹಳ ಸಲ ಆಗದ ಮಾತು.

ನಿಮ್ಮದೇ ತೋಟದ ಮಾದರಿಯಾದರೆ ಎರಡು ಬೆರಳಗಲ ಸಾಕು, ಒಂದೇ ಒಂದು ಕಲ್ಲುಹೂವಿದ್ದರೆ ಅದನ್ನು ಮುಟ್ಟಬೇಡಿ. ನೆರಳಲ್ಲಿ ಎರಡು ಮೂರು ದಿನ ಒಣಗಿಸಿ ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಸ್ಟು ಹಿಡಿಯುತ್ತದೆ. ಲಕೋಟೆಯ ಮೇಲೆ ಊರು, ತಾಲ್ಲೂಕು, ದಿನಾಂಕ, ಮರದ ಹೆಸರು, ನೆಲದಿಂದ ಎತ್ತರ ಬರೆಯಿರಿ. ಮರದ ಹೆಸರಿಲ್ಲದ ಮಾದರಿಗೆ ಅರ್ಧ ಬೆಲೆ. ಹುಳ ಬೀಳದಂತೆ ಒಂದು ವಾರ ಫ್ರೀಜರ್‌ನಲ್ಲಿಟ್ಟು ತೆಗೆದರೆ ಬಹುಕಾಲ ಉಳಿಯುತ್ತದೆ.

ಒಂದು ಮರದಿಂದ ಇನ್ನೊಂದಕ್ಕೆ ಹಚ್ಚಿ ಬೆಳೆಸಬಹುದೇ?

ಆಗುತ್ತದೆ, ಆದರೆ ಸೋಲುವುದೇ ಹೆಚ್ಚು. ಬಿದ್ದ ಕೊಂಬೆಯ ಕಲ್ಲುಹೂವನ್ನು ತೊಗಟೆಸಮೇತ ತೆಗೆದು, ಅದೇ ಜಾತಿಯ ಮರಕ್ಕೆ, ಅಷ್ಟೇ ಬೆಳಕಿನ ಜಾಗದಲ್ಲಿ ಹತ್ತಿದಾರದಿಂದ ಕಟ್ಟಿ. ಮಳೆಗಾಲದ ಆರಂಭ ಸರಿಯಾದ ಹೊತ್ತು. ಅಂಟು ಹಚ್ಚಿದರೆ ತಳದಲ್ಲಿ ನೀರು ನಿಂತು ಕೊಳೆಯುತ್ತದೆ. ಬೆಟ್ಟದಿಂದ ಬಯಲಿಗೆ ತಂದದ್ದು ಒಂದು ಬೇಸಿಗೆಯಲ್ಲೇ ಬಿಳಿಚಿಕೊಳ್ಳುತ್ತದೆ. ಬಿಳಿಚಿದರೆ ಅಥವಾ ಗುಲಾಬಿ ಛಾಯೆ ಬಂದರೆ ಒಳಗಿನ ಶೈವಲ ಸಾಯುತ್ತಿದೆ ಎಂದರ್ಥ.

ಚಿತ್ರದುರ್ಗದ ಕೋಟೆಯ ಕಲ್ಲುಗಳ ಮೇಲಿನ ಬಣ್ಣದ ಮಚ್ಚೆಗಳು?

ಅವುಗಳಲ್ಲಿ ಬಹಳಷ್ಟು ಬಂಡೆಗೆ ಒಗ್ಗಿದ ಹೊಪ್ಪಳೆ ಕಲ್ಲುಹೂವುಗಳು, ಮರದವುಗಳಿಗಿಂತಲೂ ನಿಧಾನ. ಕೋಟೆ ಸಂರಕ್ಷಿತ ಸ್ಮಾರಕ, ಕಲ್ಲನ್ನು ಕೆರೆಯುವುದು, ಬ್ಲೀಚ್ ಹನಿಸುವುದು ಸಲ್ಲದು. ಮಸೂರ ಹಿಡಿದು ನೋಡಲು ಯಾರ ಅಡ್ಡಿಯೂ ಇಲ್ಲ.